ಅಟೆನ್‌ಬರೋ ಅನ್ನೋ ಹೆಸರು ಉಳಿದದ್ದು ಹೇಗೆ?

ಹೋದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಮುಗಿದ ಸಂಜೆ ನಾವು ಒಂದಷ್ಟು ಜನ ಹಾಸ್ಟೆಲ್ ಟಿವಿ ರೂಮಲ್ಲಿ ಕೂತು ‘ವೈಲ್ಡ್ ಕರ್ನಾಟಕ’ ನೋಡಿದ್ವಿ. ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ, ಇಂಗ್ಲಿಷ್‌ನಲ್ಲಿ ಡೇವಿಡ್ ಅಟೆನ್‌ಬರೋ ದನಿ. ಸಂಘದ ಮಾನ ಉಳಿಸೋಕೆ ಮೊದಲು ಕನ್ನಡದ್ದೇ ಹಾಕಿದ್ವಿ, ಆಮೇಲೆ ಸ್ವಲ್ಪ ಹೊತ್ತು ಇಂಗ್ಲಿಷ್‌ದೂ ನೋಡಿದ್ವಿ ಅಂತ ಒಪ್ಪಿಕೊಳ್ತೀವಿ. ಕೊನೆಯಲ್ಲಿ ಹೆಸರುಗಳು ಬರ್ತಾ ಇದ್ದಾಗ ಒಬ್ಬ ಕೇಳಿದ: “ಲೋ, ಅಟೆನ್‌ಬರೋ ಅಂದ್ರೆ ಏನೋ? ಇವರಣ್ಣ ತಮ್ಮ ಇಬ್ಬರನ್ನ ಬಿಟ್ರೆ ಬೇರೆ ಯಾರಿಗಾದ್ರೂ ಆ ಹೆಸರಿದೆಯಾ?”

ಅಣ್ಣ ಅಂದ್ರೆ ರಿಚರ್ಡ್ ಅಟೆನ್‌ಬರೋ. 1982ರ ‘ಗಾಂಧಿ’ ಸಿನಿಮಾ ನಿರ್ದೇಶಿಸಿದವರು. ‘ಜುರಾಸಿಕ್ ಪಾರ್ಕ್’ನಲ್ಲಿ ಡಿಎನ್‌ಎ ಇಟ್ಟುಕೊಂಡು ಡೈನೋಸಾರ್ ಮಾಡಿಸೋ ಬಿಳಿ ಗಡ್ಡದ ತಾತ ಕೂಡ ಅವರೇ. ಡಿಎನ್‌ಎ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಪ್ರಶ್ನೆಯ ಹಿಂದೆ ಬಿದ್ದ ನಮಗೆ ಸಿಕ್ಕಿದ್ದು ಒಂದು ಹಳ್ಳಿ, ಒಂದು ಗಣಿತದ ಲೆಕ್ಕ, ಒಂದು ಯೂನಿವರ್ಸಿಟಿ.

ಮೊದಲು ಹಳ್ಳಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿ ದಡದಲ್ಲಿ ಅಟೆನ್‌ಬರೋ ಅಂತಲೇ ಒಂದು ಸಣ್ಣ ಊರಿದೆ. ಆಡ್ಡಾ ಅಥವಾ ಅದಕ್ಕೆ ಹತ್ತಿರದ ಹೆಸರಿನವನೊಬ್ಬನ ಕೋಟೆಯ ಜಾಗ ಅನ್ನೋದು ಊರ ಹೆಸರಿನ ಅರ್ಥ. ಕೊನೆಯ ‘ಬರೋ’ ಅಂದ್ರೆ ಹಳೇ ಇಂಗ್ಲಿಷ್‌ನಲ್ಲಿ ಕೋಟೆ ಕಟ್ಟಿದ ಜಾಗ. ರಾಜ ಒಂದನೇ ಚಾರ್ಲ್ಸ್‌ನ ಮರಣದಂಡನೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ಹೆನ್ರಿ ಐರ್ಟನ್ 1611ರಲ್ಲಿ ಹುಟ್ಟಿದ್ದು ಇಲ್ಲೇ. ಅದು ಬಿಟ್ರೆ ಇತಿಹಾಸದಲ್ಲಿ ದೊಡ್ಡ ಸದ್ದು ಮಾಡಿದ ಊರಲ್ಲ.

ಹೆಸರಿಗೆ ಇನ್ನೊಂದು ದಾರಿಯೂ ಇದೆ. ಮಧ್ಯಕಾಲದ ಇಂಗ್ಲಿಷ್‌ನಲ್ಲಿ ‘ಅಟೆನ್’ ಅಂದ್ರೆ ‘ಅಲ್ಲಿ ಇರೋ’, ‘ಅದರ ಹತ್ತಿರದ’ ಅಂತ. ಕೋಟೆ ಹತ್ತಿರದವನು ‘ಅಟೆನ್ ಬರೋ’. ಇದೇ ಅಚ್ಚಿನಲ್ಲಿ ಬಂದ ಒಂದು ಹೆಸರು ನಮಗೆಲ್ಲ ಗೊತ್ತು. ಆ್ಯಶ್ ಮರದ ಹತ್ತಿರದವನು ‘ಅಟೆನ್ ಆ್ಯಶ್’. ಬೇಗ ಬೇಗ ಹೇಳಿ ನೋಡಿ, ‘ನ್’ ಮುಂದಿನ ಪದಕ್ಕೆ ಹಾರಿ ‘ನ್ಯಾಶ್’ ಆಗುತ್ತೆ. ಗೇಮ್ ಥಿಯರಿಯ ನ್ಯಾಶ್ ಸರ್‌ನೇಮ್ ಹುಟ್ಟಿದ್ದು ಹೀಗೆ. ಹೈಸ್ಕೂಲಲ್ಲಿ ಸಂಧಿ ಬಿಡಿಸೋಕೆ ಒದ್ದಾಡಿದವರಿಗೆ ಇದು ಹೊಸದೇನಲ್ಲ.

ಈಗ ಒಂದು ಸಣ್ಣ ತಿರುವು. ಊರ ಹೆಸರು ಸರ್‌ನೇಮ್ ಆಗೋದು ಆ ಊರಿನ ಒಳಗಲ್ಲ. ನಮ್ಮ ಫ್ಲೋರ್‌ನಲ್ಲಿ ಎಲ್ಲರೂ ‘ಶಿರಸಿ’ ಅಂತ ಕರೆಯೋ ಹುಡುಗ ಇದ್ದಾನೆ. ಶಿರಸಿಯಲ್ಲಿ ಅವನನ್ನ ಯಾರೂ ಹಾಗೆ ಕರೆಯಲ್ಲ, ಅಲ್ಲಿ ಎಲ್ಲರೂ ಶಿರಸಿಯವರೇ! ಊರು ಬಿಟ್ಟು ಬಂದವನಿಗೆ ಮಾತ್ರ ಊರ ಹೆಸರು ಅಂಟಿಕೊಳ್ಳುತ್ತೆ. ಹಾಗೇ ಅಟೆನ್‌ಬರೋ ಬಿಟ್ಟು ಪಕ್ಕದ ಊರಿಗೆ ಹೋದ ಯಾರೋ ಒಬ್ಬ ಅಲ್ಲಿ ‘ಅಟೆನ್‌ಬರೋದವನು’ ಆಗಿರಬೇಕು.

ಇದೆಲ್ಲ ಆಗಿದ್ದು ಯಾವಾಗ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ, ಮೊದಲು ಜಮೀನ್ದಾರರು ಅಪ್ಪನಿಂದ ಮಗನಿಗೆ ಹೋಗೋ ಹೆಸರು ಇಟ್ಟುಕೊಂಡರು, ಯಾಕಂದ್ರೆ ಜಮೀನೂ ಹಾಗೇ ಹೋಗ್ತಿತ್ತು. ಸಾಮಾನ್ಯ ಜನಕ್ಕೆ ಅದು ಬಂದದ್ದು ನಿಧಾನವಾಗಿ. ಎಲ್ಲ ಹಳ್ಳಿಯಲ್ಲೂ ಜಾನ್, ವಿಲಿಯಂ, ರಾಬರ್ಟ್ ತುಂಬಿಕೊಂಡಿದ್ದಾಗ ತೆರಿಗೆ ಬರೆಯೋ ಗುಮಾಸ್ತ ಪಾಪ ಏನು ಮಾಡಬೇಕು? ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಸರ್‌ನೇಮ್ ಗಟ್ಟಿಯಾಗಿತ್ತು.

ಅಲ್ಲಿಂದ ಇಲ್ಲಿಗೆ ಆರು ನೂರು ವರ್ಷಕ್ಕೂ ಹೆಚ್ಚು. ಇಷ್ಟು ಕಾಲ ಆದ್ಮೇಲೂ ಈ ಹೆಸರು ಹೆಚ್ಚು ದೂರ ಓಡಿಲ್ಲ ಅನ್ನೋದೇ ಆಶ್ಚರ್ಯ. ಸರ್‌ನೇಮ್‌ಗಳ ನಕ್ಷೆ ಮಾಡೋರು ಹೆಚ್ಚಾಗಿ 1881ರ ಜನಗಣತಿ ಹಿಡಿಯುತ್ತಾರೆ, ಜನರ ಹೆಸರುಗಳೆಲ್ಲ ಅದರಲ್ಲಿ ಸಿಗುತ್ತೆ. ಆಗಲೂ ಅಟೆನ್‌ಬರೋಗಳು ದಟ್ಟವಾಗಿದ್ದದ್ದು ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿಶೈರ್ ಕಡೆ. ಲಂಡನ್‌ಗೆ ಹೋದ ಒಂದು ಗುಂಪು ಗಿರವಿ ಅಂಗಡಿ ಇಟ್ಟು ಹೆಸರು ಮಾಡಿತ್ತು. ಫ್ಲೀಟ್ ಸ್ಟ್ರೀಟ್‌ನಲ್ಲಿ ಅವರ ಅಂಗಡಿಯ ಕಟ್ಟಡ ಇವತ್ತಿಗೂ ಇದೆ. ಇನ್ನು ಡೇವಿಡ್, ರಿಚರ್ಡ್ ಅವರ ತಂದೆ ಫ್ರೆಡರಿಕ್ ಹುಟ್ಟಿದ್ದು 1887ರಲ್ಲಿ, ಸ್ಟೇಪಲ್‌ಫರ್ಡ್‌ನಲ್ಲಿ. ಅದು ಅಟೆನ್‌ಬರೋ ಹಳ್ಳಿಯಿಂದ ಸೈಕಲ್‌ನಲ್ಲಿ ಹೋಗಿ ಬರಬಹುದಾದಷ್ಟೇ ದೂರ. ಐದಾರು ಶತಮಾನದಲ್ಲಿ ಅಷ್ಟೇ ಪ್ರಯಾಣ!

ಹಾಗಾದ್ರೆ ಸ್ಮಿತ್ ಅನ್ನೋ ಹೆಸರು ಲಕ್ಷಗಟ್ಟಲೆ ಇರುವಾಗ ಇದು ಯಾಕೆ ಇಷ್ಟು ಕಡಿಮೆ? ಅರ್ಧ ಉತ್ತರ ಸುಲಭ. ಸ್ಮಿತ್ ಅಂದ್ರೆ ಕಮ್ಮಾರ, ಊರಿಗೊಬ್ಬ ಇದ್ದೇ ಇರ್ತಾನೆ, ಆ ಹೆಸರು ಸಾವಿರ ಜಾಗದಲ್ಲಿ ಬೇರೆ ಬೇರೆ ಹುಟ್ಟಿತು. ಅಟೆನ್‌ಬರೋ ಒಂದೆರಡು ಕಡೆ ಹುಟ್ಟಿರಬಹುದು ಅಷ್ಟೆ. ಉಳಿದರ್ಧ ಉತ್ತರ ನಮ್ಮ ಮ್ಯಾಥ್ಸ್ ಪೇಪರ್‌ನಲ್ಲೇ ಇದೆ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನಗಳ ಹೆಸರು ಒಂದೊಂದೇ ಅಳಿದುಹೋಗ್ತಿದೆ ಅಂತ ಅಲ್ಲಿನವರಿಗೆ ಚಿಂತೆ ಹತ್ತಿತ್ತು. ಸುಖ ಹೆಚ್ಚಾಗಿ ವಂಶ ಸೊರಗುತ್ತಿದೆಯಾ ಅಂತ ಚರ್ಚೆ. ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಬೇರೆ ಥರ ಕೇಳಿದ: ಬರೀ ಆಕಸ್ಮಿಕದಿಂದಲೇ ಎಷ್ಟು ಹೆಸರು ಅಳಿಯುತ್ತೆ? ಪಾದ್ರಿಯೂ ಗಣಿತಜ್ಞನೂ ಆಗಿದ್ದ ಹೆನ್ರಿ ವಾಟ್ಸನ್ ಲೆಕ್ಕ ಕಟ್ಟಿದ, 1874ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಅದೇ ಗಾಲ್ಟನ್-ವಾಟ್ಸನ್ ಪ್ರಕ್ರಿಯೆ.

ಇದನ್ನ ನೀವೂ ಮಾಡಿ ನೋಡಬಹುದು. ಒಬ್ಬೊಬ್ಬ ಗಂಡಸಿಗೆ ಸರಾಸರಿ ಒಬ್ಬ ಮಗ, ಮಕ್ಕಳ ಸಂಖ್ಯೆ ಪಾಯ್ಸಾನ್ ವಿತರಣೆಯಲ್ಲಿ ಇದೆ ಅಂದುಕೊಳ್ಳಿ. ಕ್ಯಾಲ್ಕುಲೇಟರ್‌ನಲ್ಲಿ 0 ಇಂದ ಶುರು ಮಾಡಿ 1 ಕಳೆಯಿರಿ, ಬಂದದ್ದನ್ನ ‘ಇ’ಯ ಘಾತಕ್ಕೆ ಹಾಕಿ. 0.37 ಬರುತ್ತೆ. ಅಂದ್ರೆ ಮೊದಲ ತಲೆಮಾರಿಗೇ ಹೆಸರು ನಿಂತುಹೋಗೋ ಸಾಧ್ಯತೆ 37%. ಬಂದ ಉತ್ತರಕ್ಕೇ ಮತ್ತೆ ಅದನ್ನೇ ಮಾಡಿ, 53%. ಹತ್ತನೇ ಸಲಕ್ಕೆ 84%. ಇಪ್ಪತ್ತನೇ ಸಲಕ್ಕೆ 91%. ಒಂದು ತಲೆಮಾರಿಗೆ 30 ವರ್ಷ ಹಿಡಿದ್ರೆ ಇಪ್ಪತ್ತು ತಲೆಮಾರು ಅಂದ್ರೆ 600 ವರ್ಷ. ಸಾವಿರ ಗಂಡಸರು ಸಾವಿರ ಹೆಸರಿನೊಂದಿಗೆ ಹೊರಟರೆ ಕೊನೆಗೆ ಉಳಿಯೋದು ತೊಂಬತ್ತರ ಆಸುಪಾಸು ಹೆಸರು. ಒಟ್ಟು ಜನಸಂಖ್ಯೆ ಸರಾಸರಿಯಲ್ಲಿ ಅಷ್ಟೇ ಇರೋದ್ರಿಂದ, ಉಳಿದ ಒಂದೊಂದು ಹೆಸರಿನ ಹಿಂದೆಯೂ ಸರಾಸರಿ ಹನ್ನೊಂದು ಗಂಡಸರು. ಯಾರೂ ಬಲಶಾಲಿಯಲ್ಲ, ಯಾರೂ ದುರ್ಬಲರಲ್ಲ, ಎಲ್ಲರಿಗೂ ನಿಯಮ ಒಂದೇ. ಆದ್ರೂ ಫಲಿತಾಂಶ ಹೀಗೆ.

ವಾಟ್ಸನ್ ಒಂದು ತಪ್ಪೂ ಮಾಡಿದ್ದ. ಎಲ್ಲ ಹೆಸರೂ ಒಂದು ದಿನ ಅಳಿಯಲೇಬೇಕು ಅಂದುಬಿಟ್ಟ. ಸಮೀಕರಣಕ್ಕೆ 1 ಯಾವಾಗಲೂ ಒಂದು ಉತ್ತರ, ಅಲ್ಲೇ ನಿಲ್ಲಿಸಿದ್ದ. ಸರಾಸರಿ ಒಂದಕ್ಕಿಂತ ಹೆಚ್ಚಿದ್ದಾಗ ಅದಕ್ಕಿಂತ ಚಿಕ್ಕ ಇನ್ನೊಂದು ಉತ್ತರ ಇರುತ್ತೆ, ಸರಿಯಾದದ್ದು ಅದು. ಫ್ರಾನ್ಸಿನ ಬಿಯೆನೆಮೆ 1845ರಲ್ಲೇ ಇದನ್ನ ಸರಿಯಾಗಿ ಹೇಳಿದ್ದ, ಯಾರೂ ಗಮನಿಸಿರಲಿಲ್ಲ. ಸ್ಟೆಪ್ ಮಾರ್ಕ್ಸ್ ಅನ್ನೋದು ಇದ್ದಿದ್ರೆ ವಾಟ್ಸನ್ ಪಾಸು. ಇದೇ ಗಣಿತ ಮುಂದೆ ಪರಮಾಣು ಸರಪಳಿ ಕ್ರಿಯೆಗೂ, ಸೋಂಕು ಹರಡೋ ಲೆಕ್ಕಕ್ಕೂ ಬಂತು. ಕೋವಿಡ್ ಕಾಲದಲ್ಲಿ ‘ಆರ್ ಸಂಖ್ಯೆ ಒಂದಕ್ಕಿಂತ ಕೆಳಗೆ ಬರಬೇಕು’ ಅಂತ ಟಿವಿಯಲ್ಲಿ ಕೇಳಿದ್ವಲ್ಲ, ಆ ‘ಒಂದು’ ಇದೇ ‘ಒಂದು’.

ಇಂಗ್ಲೆಂಡಿನಲ್ಲಿ ನಿಜವಾಗಿ ಆದದ್ದು ಇನ್ನೂ ಏರುಪೇರು. 1348-49ರ ಪ್ಲೇಗ್‌ನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಜನ ಸತ್ತರು. ಹೊಸದಾಗಿ ಹುಟ್ಟಿದ್ದ ಎಷ್ಟೋ ಹೆಸರು ಅಲ್ಲಿಗೇ ಮುಗಿದಿರಬೇಕು. ಆಮೇಲೆ ಕೈಗಾರಿಕೆ ಬಂದಾಗ ಉಲ್ಟಾ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ 1801ರಲ್ಲಿ ಸುಮಾರು 90 ಲಕ್ಷ, 1901ರಲ್ಲಿ ಸುಮಾರು 3.25 ಕೋಟಿ. ಆ ಹೊತ್ತಿಗೆ ಬದುಕಿದ್ದ ಹೆಸರುಗಳಿಗೆ ಲಾಟರಿ ಹೊಡೆದ ಹಾಗೆ.

ಈಗ ಯೂನಿವರ್ಸಿಟಿ. ಫ್ರೆಡರಿಕ್ ಅಟೆನ್‌ಬರೋ 1932ರಲ್ಲಿ ಲೆಸ್ಟರ್‌ನ ಯೂನಿವರ್ಸಿಟಿ ಕಾಲೇಜಿಗೆ ಪ್ರಿನ್ಸಿಪಾಲ್ ಆದರು. ಮಕ್ಕಳು ಬೆಳೆದದ್ದು ಕ್ಯಾಂಪಸ್‌ನಲ್ಲೇ. ಪ್ರಾಣಿಶಾಸ್ತ್ರ ವಿಭಾಗಕ್ಕೆ ನ್ಯೂಟ್ ಅನ್ನೋ ಓತಿಯಂಥ ಉಭಯಚರ ಜೀವಿ ಬೇಕಂತೆ ಅಂತ ಗೊತ್ತಾಗಿ ಪುಟ್ಟ ಡೇವಿಡ್ ತಂದು ಮಾರುತ್ತಿದ್ದನಂತೆ. ಹಿಡೀತಿದ್ದದ್ದು ಆ ವಿಭಾಗದ ಪಕ್ಕದ ಕೊಳದಲ್ಲೇ! ಇದೇ ಲೆಸ್ಟರ್‌ನಲ್ಲಿ 1984ರಲ್ಲಿ ಆಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ಕಂಡುಹಿಡಿದದ್ದು. ಅಲ್ಲಿನ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಸರ್‌ನೇಮ್‌ಗಳ ಸುಮಾರು 1,700 ಗಂಡಸರ ವೈ ಕ್ರೋಮೋಸೋಮ್ ಪರೀಕ್ಷೆ ಪ್ರಕಟಿಸಿದರು. ಆ ನಲವತ್ತರಲ್ಲಿ ಅಟೆನ್‌ಬರೋ ಒಂದು.

ವೈ ಕ್ರೋಮೋಸೋಮ್ ಯಾಕೆ? ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತೆ, ಹೆಚ್ಚುಕಡಿಮೆ ಹಾಗೇ, ಅಲ್ಲೊಂದು ಇಲ್ಲೊಂದು ಬಿಟ್ ತಪ್ಪಾಗಿ. ಇಂಗ್ಲಿಷ್ ಸರ್‌ನೇಮ್ ಹೋಗೋದೂ ಅದೇ ದಾರಿಯಲ್ಲಿ. ಒಂದೇ ಸಿಗ್ನಲ್ ಎರಡು ವೈರ್‌ನಲ್ಲಿ ಬಂದ ಹಾಗೆ, ಹೋಲಿಸಿ ನೋಡಬಹುದು. ಸ್ಮಿತ್‌ಗಳನ್ನ ನೋಡಿದ್ರೆ ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರಿಗಿಂತ ಹೆಚ್ಚು ಹೋಲಿಕೆ ಇಲ್ಲ. ಅಟೆನ್‌ಬರೋ ಗಂಡಸರಲ್ಲಿ ಮಾತ್ರ 70%ಕ್ಕೂ ಹೆಚ್ಚು ಜನರದ್ದು ಒಂದೇ ಥರದ, ಅಥವಾ ಬಹುತೇಕ ಒಂದೇ ಥರದ ಕ್ರೋಮೋಸೋಮ್.

ಹಾಗಾದ್ರೆ ಎಲ್ಲ ಅಟೆನ್‌ಬರೋಗಳೂ ಒಬ್ಬನೇ ಮೂಲಪುರುಷನ ಮಕ್ಕಳು, ಅಲ್ವಾ? ಸುದ್ದಿಯಾಗಿ ಓದಿದ್ರೆ ಹಾಗನ್ನಿಸುತ್ತೆ. ಆದ್ರೆ ಈಗಷ್ಟೇ ಕ್ಯಾಲ್ಕುಲೇಟರ್ ಒತ್ತಿದ್ದು ನೆನಪಿಸಿಕೊಳ್ಳಿ. ಶುರುವಿನಲ್ಲಿ ಹತ್ತು ಜನ ಬೇರೆ ಬೇರೆ ಅಟೆನ್‌ಬರೋಗಳು ಇದ್ದಿದ್ದರೂ, ಆ ಲೆಕ್ಕದಲ್ಲಿ ಇಪ್ಪತ್ತು ತಲೆಮಾರಿಗೆ ಒಂಬತ್ತು ಜನರ ಗೆರೆ ನಿಂತುಹೋಗಿರುತ್ತೆ. ಒಬ್ಬನದ್ದೇ ಉಳಿದಾಗ ಹಿಂದೆ ತಿರುಗಿ ನೋಡಿದ್ರೆ ಮೊದಲಿಂದಲೂ ಒಬ್ಬನೇ ಇದ್ದ ಹಾಗೆ ಕಾಣುತ್ತೆ. ನಮಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದು. ಗಾಲ್ಟನ್ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ‘ಒಳ್ಳೆ ವಂಶ’ದವರೇ ಹೆಚ್ಚು ಹೆರಬೇಕು ಅನ್ನೋ ಕೆಟ್ಟ ಯೋಚನೆಗೆ 1883ರಲ್ಲಿ ‘ಯೂಜೆನಿಕ್ಸ್’ ಅಂತ ಹೆಸರಿಟ್ಟವನೂ ಅವನೇ. ವಂಶದ ಹೆಸರು ಉಳಿಯೋಕೆ ಬರೀ ಅದೃಷ್ಟವೇ ಎಷ್ಟು ಸಾಕು ಅಂತ ತೋರಿಸಿದ ಲೆಕ್ಕವೂ ಅವನ ಪ್ರಶ್ನೆಯಿಂದಲೇ ಬಂದದ್ದು.

ಉಳಿದ 30%ದೊಳಗಿನವರ ಕಥೆ? ದತ್ತು ಮಗ, ಮದುವೆಯಾಗದ ತಾಯಿಯ ಹೆಸರು ಪಡೆದ ಮಗ, ಹೆಂಡತಿ ಮನೆ ಆಸ್ತಿಗೋಸ್ಕರ ಅವರ ಹೆಸರು ಹಾಕಿಕೊಂಡ ಅಳಿಯ, ಮತ್ತೆ ಯಾರೂ ಬಾಯಿಬಿಡದ ಕಾರಣಗಳು. ತಲೆಮಾರಿಗೆ ಬರೀ 1.5% ಹೀಗಾದ್ರೂ ಇಪ್ಪತ್ತು ತಲೆಮಾರಿಗೆ 74% ಮಾತ್ರ ಹಳೇ ಗೆರೆಯಲ್ಲಿ ಉಳಿಯುತ್ತಾರೆ. ರಾಜವಂಶವೂ ಇದಕ್ಕೆ ಹೊರತಲ್ಲ. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಕೆಳಗೆ ಮೂರನೇ ರಿಚರ್ಡ್ ರಾಜನ ಅಸ್ಥಿ ಸಿಕ್ಕಿತಲ್ಲ, ಅದರ ಡಿಎನ್‌ಎ ಕೆಲಸವನ್ನೂ ಟ್ಯೂರಿ ಕಿಂಗ್ ನಡೆಸಿದರು. ತಾಯಿಯ ಕಡೆಯ ಗೆರೆ ಸರಿಯಾಗಿ ಕೂಡಿತು, ದಾಖಲೆ ಪ್ರಕಾರ ಗಂಡು ಗೆರೆಯ ಸಂಬಂಧಿಕರ ವೈ ಕ್ರೋಮೋಸೋಮ್ ಕೂಡಲಿಲ್ಲ.

ಇದೇ ತಂಡ 2007ರಲ್ಲಿ ಇನ್ನೊಂದು ಅಪರೂಪದ ಹೆಸರು ನೋಡಿತ್ತು. ಪೂರ್ವ ಯಾರ್ಕ್‌ಶೈರ್ ಕಡೆಯದು. ಆ ಹೆಸರಿನ 18 ಗಂಡಸರಲ್ಲಿ 7 ಜನರ ವೈ ಕ್ರೋಮೋಸೋಮ್ ಪಶ್ಚಿಮ ಆಫ್ರಿಕಾ ಮೂಲದ ಗುಂಪಿನದ್ದು. ದಾಖಲೆ ಹುಡುಕಿದಾಗ ಅವರ ಗೆರೆ ಹದಿನೆಂಟನೇ ಶತಮಾನದ ಕೊನೆಯ ಯಾರ್ಕ್‌ಶೈರ್‌ವರೆಗೆ ಹೋಯಿತು, ಕ್ರೋಮೋಸೋಮ್ ಅದಕ್ಕೂ ಕೆಲವು ತಲೆಮಾರು ಹಿಂದಕ್ಕೆ ಬೆರಳು ತೋರಿಸಿತು. ನೋಡೋಕೆ, ಹೆಸರಿಗೆ, ಮಾತಿಗೆ ಎಲ್ಲದಕ್ಕೂ ಪಕ್ಕಾ ಇಂಗ್ಲಿಷರು. ಫಸ್ಟ್ ಇಯರ್ ಮೊದಲ ವಾರದಲ್ಲಿ “ನಿಮ್ಮ ಸರ್‌ನೇಮ್ ಏನು?” ಅಂತ ಒಬ್ಬೊಬ್ಬರೂ ಕೇಳುವಾಗ ಅವರು ನಿಜವಾಗಿ ಏನು ಕೇಳ್ತಿದ್ದಾರೆ ಅಂತ ನಮಗೆಲ್ಲ ಗೊತ್ತಿತ್ತು. ಈ 18ರಲ್ಲಿ 7 ಓದಿದಾಗ ಅದು ನೆನಪಾಯ್ತು, ಅಷ್ಟೆ.

ಹಾಸ್ಟೆಲ್‌ನ ಪ್ರಶ್ನೆಗೆ ಉತ್ತರ: ಹೌದು, ಬೇರೆಯವರೂ ಇದ್ದಾರೆ, ಇವತ್ತಿಗೂ ಹೆಚ್ಚಾಗಿ ಟ್ರೆಂಟ್ ನದಿಯ ಆ ಕಡೆ ಈ ಕಡೆಯೇ. ಅಟೆನ್‌ಬರೋ ಹಳ್ಳಿಯ ಪಕ್ಕ ಜಲ್ಲಿ ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಹಕ್ಕಿಗಳು ಬಂದವು, ಅದನ್ನ ರಕ್ಷಿತ ತಾಣ ಮಾಡಿದರು. 1966ರಲ್ಲಿ ಉದ್ಘಾಟಿಸಿದ್ದು ಡೇವಿಡ್ ಅಟೆನ್‌ಬರೋ. ಆಮೇಲೆ ಹೆಸರು ಅಪ್ಪ-ಮಗನ ಗೆರೆ ಬಿಟ್ಟು ಬೇರೆ ದಾರಿ ಹಿಡಿದಿದೆ. ಫಿಲಿಪ್ಪೀನ್ಸ್‌ನಲ್ಲಿ ಹುಳ ತಿನ್ನೋ ಹೂಜಿ ಗಿಡ ‘ನೆಪೆಂಥಿಸ್ ಅಟೆನ್‌ಬರೋಯಿ’. ನ್ಯೂಗಿನಿಯ ಸೈಕ್ಲೋಪ್ಸ್ ಬೆಟ್ಟಗಳಲ್ಲಿ ಮೊಟ್ಟೆಯಿಟ್ಟು ಹಾಲೂಡಿಸೋ, ಮುಳ್ಳುಮೈಯ, ಉದ್ದ ಮೂತಿಯ ಪ್ರಾಣಿ ‘ಜಾಗ್ಲೋಸಸ್ ಅಟೆನ್‌ಬರೋಯಿ’. ದಶಕಗಳ ಕಾಲ ಕಾಣದೆ ಇದ್ದ ಅದು 2023ರಲ್ಲಿ ಕಾಡಿನಲ್ಲಿ ಇಟ್ಟಿದ್ದ ಕ್ಯಾಮೆರಾದ ಮುಂದೆ ನಡೆದುಕೊಂಡು ಹೋಯಿತು.