ಫ್ರಾಂಚೈಸಿ ಶುಲ್ಕ ಕಟ್ಟುವ ಮುನ್ನ ಅಂಗಡಿ ತೆರೆಯುವ ಗಡುವು ಓದಿ

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆ, ಬಸವೇಶ್ವರನಗರದ ಹಾವನೂರು ವೃತ್ತ, ವಿಜಯನಗರ, ಕೆಂಗೇರಿ ಉಪನಗರ, ಎಲ್ಲೇ ಹೋದರೂ ಐಸ್‌ಕ್ರೀಮ್, ಔಷಧಿ, ಕನ್ನಡಕ, ಪ್ಲೇ ಸ್ಕೂಲ್‌ಗಳ ಬ್ರಾಂಡ್ ಬೋರ್ಡುಗಳು ಕಾಣುತ್ತವೆ. ಇಂಥ ಅನೇಕ ಮಳಿಗೆಗಳನ್ನು ನಡೆಸುವುದು ಕಂಪನಿಯಲ್ಲ, ಫ್ರಾಂಚೈಸಿ ಪಡೆದ ಕುಟುಂಬಗಳು. ಹೊಸದಾಗಿ ವ್ಯಾಪಾರಕ್ಕಿಳಿಯುವ ಸಮಾಜದ ಯುವಕರಿಗೂ ಈ ದಾರಿ ಸುಲಭವೆನಿಸುತ್ತದೆ. ಆದರೆ ಹಿರಿಯರ ಉಳಿತಾಯ ತೆಗೆದು, ಒಡವೆ ಅಡವಿಟ್ಟು ಕಟ್ಟಿದ ಹಣ ಅಂಗಡಿ ತೆರೆಯುವ ಮೊದಲೇ ಕೈತಪ್ಪಬಹುದು. ಅದಕ್ಕೆ ಕಾರಣವಾಗುವ ಷರತ್ತೇ ಗಡುವು.

ಶುಲ್ಕ ಯಾವುದಕ್ಕೆ?

ಫ್ರಾಂಚೈಸಿ ಶುಲ್ಕ ಒಮ್ಮೆ ಕಟ್ಟುವ ಹಣ. ಬ್ರಾಂಡಿನ ಹೆಸರು, ತರಬೇತಿ, ಅಂಗಡಿಯ ನಕ್ಷೆಗಾಗಿ ಇದನ್ನು ಪಡೆಯುತ್ತಾರೆ. ಮಾರಾಟದ ಮೇಲೆ ಕೊಡುವ ರಾಯಲ್ಟಿ ಬೇರೆ, ವಾಪಸು ಬರುವ ಠೇವಣಿ ಬೇರೆ. ಶುಲ್ಕದ ಮುಂದೆ ಸಾಮಾನ್ಯವಾಗಿ ‘ಮರುಪಾವತಿ ಇಲ್ಲ’ ಎಂದೇ ಬರೆದಿರುತ್ತದೆ. ಇದರ ಮೇಲೆ ಶೇ. 18 ಜಿಎಸ್‌ಟಿ ಇದೆ. ಶುಲ್ಕ 5 ಲಕ್ಷ ರೂ. ಆದರೆ ಕಟ್ಟಬೇಕಾದದ್ದು 5.90 ಲಕ್ಷ. ಕಾಂಪೊಸಿಷನ್‌ನಲ್ಲಿರುವವರಿಗೂ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿನವರಿಗೂ ಈ 90,000ಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಗಡುವಿನ ಲೆಕ್ಕ

ಸಹಿ ಹಾಕಿದ 90 ದಿನಗಳೊಳಗೆ ಅಂಗಡಿ ತೆರೆಯಬೇಕು ಎಂದಿದೆ ಎಂದಿಟ್ಟುಕೊಳ್ಳಿ. ವಿಜಯನಗರದಲ್ಲಿ ಸರಿಯಾದ ಜಾಗ ಹುಡುಕಲು 40 ದಿನ, ಕಂಪನಿಯವರು ಬಂದು ನೋಡಿ ಒಪ್ಪಲು 15 ದಿನ ಹೋದರೆ ಉಳಿಯುವುದು 35 ದಿನ. ಅಷ್ಟರಲ್ಲಿ ಬಾಡಿಗೆ ಕರಾರು, ಬೆಸ್ಕಾಂನಿಂದ ಹೆಚ್ಚಿನ ಲೋಡ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ತಿಂಡಿಯ ಅಂಗಡಿಯಾದರೆ ಎಫ್‌ಎಸ್‌ಎಸ್‌ಎಐ, ಒಳಾಂಗಣದ ಕೆಲಸ ಎಲ್ಲವೂ ಮುಗಿಯಬೇಕು. ಕಂಪನಿ ಮಾಡಿದ ತಡವೂ ಪಡೆದವರ ತಲೆಗೇ ಬರುತ್ತದೆ. ಅತ್ತ ಮಾಲೀಕರಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಬಾಡಿಗೆಯೂ ಶುರುವಾಗಿರುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ. ಅವಧಿಯೇ ಒಪ್ಪಂದದ ಜೀವಾಳವಾಗಿದ್ದರೆ, ಗಡುವು ಮೀರಿದಾಗ ಎದುರು ಪಕ್ಷ ಒಪ್ಪಂದ ರದ್ದುಪಡಿಸಬಹುದು ಎನ್ನುತ್ತದೆ 55ನೇ ಸೆಕ್ಷನ್. ಒಪ್ಪಂದದಲ್ಲಿ ದಂಡದ ಮೊತ್ತ ಬರೆದಿದ್ದರೂ, ಆ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ ಎನ್ನುತ್ತದೆ 74ನೇ ಸೆಕ್ಷನ್. ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದಾಗ ಮುಂಗಡ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದಿತು. ಅದು ಜಮೀನು ಹರಾಜಿನ ವಿಷಯ. ಫ್ರಾಂಚೈಸಿಯಲ್ಲಿ ತರಬೇತಿ, ನಕ್ಷೆ ಕೊಟ್ಟಾಗಿದೆ ಎಂದು ಕಂಪನಿ ವಾದಿಸಬಹುದು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ಫ್ರಾಂಚೈಸಿ ಒಪ್ಪಂದದ ಹೆಸರೇ ಇದೆ. ವ್ಯಾಜ್ಯದ ಮೌಲ್ಯ 3 ಲಕ್ಷ ಅಥವಾ ಹೆಚ್ಚಿದ್ದು, ತುರ್ತು ಆದೇಶ ಬೇಡವಾಗಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಎಂದಿದ್ದರೆ ಅದು ಯಾವ ಊರಿನಲ್ಲಿ ಎಂದು ನೋಡಿ. ದೆಹಲಿಯೋ ಮುಂಬೈಯೋ ಆದರೆ ಓಡಾಟದ ಖರ್ಚೇ ದೊಡ್ಡದಾಗುತ್ತದೆ. ಬೆಂಗಳೂರು ಎಂದು ಕೇಳಿ.

ಮೊದಲೇ ಬರೆಸಿಕೊಳ್ಳಬೇಕಾದವು

1. ಗಡುವು ಸಹಿಯ ದಿನದಿಂದಲ್ಲ, ಕಂಪನಿ ಜಾಗ ಒಪ್ಪಿ, ಮಾಲೀಕರು ಬೀಗದ ಕೈ ಕೊಟ್ಟ ದಿನದಿಂದ ಶುರುವಾಗಬೇಕು.
2. ಕಂಪನಿಯಿಂದ ಅಥವಾ ಸರ್ಕಾರಿ ಪರವಾನಗಿಯಿಂದ ಆದ ತಡದಷ್ಟು ದಿನ ಗಡುವು ಮುಂದಕ್ಕೆ ಹೋಗಬೇಕು.
3. ಶುಲ್ಕ ಕಂತುಗಳಲ್ಲಿರಲಿ: ಸಹಿಗೆ ಸ್ವಲ್ಪ, ಜಾಗ ಒಪ್ಪಿದಾಗ ಸ್ವಲ್ಪ, ಉಳಿದದ್ದು ಅಂಗಡಿ ತೆರೆದಾಗ.
4. ಜಾಗವೇ ಸಿಗದಿದ್ದರೆ ಎಷ್ಟು ಹಣ, ಎಷ್ಟು ದಿನದಲ್ಲಿ ವಾಪಸು ಎಂಬುದು ಅಂಕಿಯಲ್ಲಿರಲಿ.
5. ಗಡುವು ವಿಸ್ತರಣೆ ಲಿಖಿತವಾಗಿಯೇ ಇರಲಿ. ಫೋನಿನಲ್ಲಿ ‘ಆಗಲಿ ಬಿಡಿ’ ಎಂದದ್ದಕ್ಕೆ ಸಾಕ್ಷಿ ಇರುವುದಿಲ್ಲ.

ತಿಂಡಿಯ ಅಂಗಡಿ ಹಾಕುವ ಕುಟುಂಬಗಳು ಇನ್ನೆರಡು ವಿಷಯ ಕೇಳಲೇಬೇಕು. ಮೊಟ್ಟೆ ಇರುವ ಕೇಕಿನಂಥ ಪದಾರ್ಥ ಮಾರುವುದು ಕಡ್ಡಾಯವೇ? ದಶಲಕ್ಷಣ ಪರ್ವದಲ್ಲಿ ಅಂಗಡಿ ಮುಚ್ಚಿದರೆ ದಂಡವಿದೆಯೇ? ಹಣ ಕಟ್ಟಿ ತಪ್ಪಿಸಿಕೊಳ್ಳಲಾಗದ ಮೇಲೆ ನಿಯಮ ಬಿಡುವುದೋ ಹಣ ಬಿಡುವುದೋ ಎಂಬ ಸಂಕಟ ಬೇಡ.

‘ಈ ವಾರ ಕಟ್ಟದಿದ್ದರೆ ನಿಮ್ಮ ಏರಿಯಾ ಬೇರೆಯವರಿಗೆ’ ಎಂದು ಅವಸರ ಮಾಡುವವರು ಇರುತ್ತಾರೆ. ಕರಡು ಪ್ರತಿ ಮನೆಗೆ ತನ್ನಿ, ಗಡುವಿನ ಷರತ್ತನ್ನು ಮನೆಯವರೆಲ್ಲ ಕೂತು ಓದಿ, ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿ. ಚೆಕ್ ಬರೆಯುವುದು ಆಮೇಲೆ.