‘ಉಂಡೀನಿ’ ಎಂಬ ಉತ್ತರ

ಯಾದಗಿರಿಯ ರೈಲು ನಿಲ್ದಾಣದಲ್ಲಿ ಇಳಿದು ಊರೊಳಗೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಪರಿಚಯದವರು ಯಾರಾದರೂ ಎದುರಾಗಿ, “ಊಟ ಆತೇನ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಹೊತ್ತು ಬೆಳಗಿನ ಹತ್ತೂವರೆಯಾಗಿರಬಹುದು, ಇಳಿಹೊತ್ತಿನ ನಾಲ್ಕಾಗಿರಬಹುದು. ಪ್ರಶ್ನೆ ಮಾತ್ರ ಬದಲಾಗದು. ಹಳೆಯ ಮೈಸೂರಿನ ಕಡೆಯಿಂದ ಈ ಸೀಮೆಗೆ ವರ್ಗವಾಗಿ ಬಂದ ನನ್ನ ಗೆಳೆಯರೊಬ್ಬರು ಮೊದಲ ವಾರವೆಲ್ಲ ಈ ಪ್ರಶ್ನೆಗೆ ಸವಿಸ್ತಾರವಾಗಿ ಉತ್ತರ ಕೊಟ್ಟರು. ತಾವು ಎಲ್ಲಿ ಉಂಡೆವು, ಏನು ಉಂಡೆವು, ಖಾನಾವಳಿಯ ಪಲ್ಯ ಎಷ್ಟು ಖಾರವಾಗಿತ್ತು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಕೇಳಿದವರು ಅರ್ಧಕ್ಕೇ ನಕ್ಕು ಮುಂದೆ ಸಾಗಿದರು. ಗೆಳೆಯರಿಗೆ ಬೇಸರವಾಯಿತು. “ಉತ್ತರ ಬೇಡವಾದರೆ ಪ್ರಶ್ನೆಯನ್ನಾದರೂ ಏಕೆ ಕೇಳಬೇಕು?” ಎಂದು ಅವರು ನನ್ನನ್ನು ಕೇಳಿದರು.

ಅವರ ಪ್ರಶ್ನೆಗೆ ಉತ್ತರ 1923ರಲ್ಲಿಯೇ ಅಚ್ಚಾಗಿತ್ತು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಲ್ಲಿಯ ಜನಜೀವನವನ್ನು ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಆ ವರ್ಷ ಪ್ರಕಟವಾದ ಪ್ರಬಂಧವೊಂದರಲ್ಲಿ, ಸುದ್ದಿ ತಿಳಿಸುವುದಕ್ಕಲ್ಲದೆ ಕೇವಲ ಸಂಬಂಧವನ್ನು ಹೆಣೆಯುವುದಕ್ಕಾಗಿ ಆಡುವ ಮಾತೊಂದಿದೆ ಎಂದು ತೋರಿಸಿದ. ಕ್ಷೇಮಸಮಾಚಾರ, ಹವೆಯ ವಿಚಾರ, ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಮತ್ತೆ ಹೇಳುವುದು, ಇವೆಲ್ಲ ಆ ಜಾತಿಗೆ ಸೇರಿದವು. ‘ಊಟ ಆತೇನ್ರಿ?’ ಎಂಬುದೂ ಅಂಥದೇ. “ನಿನ್ನನ್ನು ಕಂಡೆ, ನೀನು ನನಗೆ ಹೊರಗಿನವನಲ್ಲ” ಎಂಬುದು ಅದರ ತಾತ್ಪರ್ಯ. ಆದರೆ ಈ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲವೆಂಬುದನ್ನು ನನಗೆ ಕಲಿಸಿದವಳು ನಮ್ಮ ವಿದ್ಯಾರ್ಥಿನಿಯೊಬ್ಬಳು.

ತಂತಿಯ ಶಾಸ್ತ್ರ, ಮನೆಯ ಶಾಸ್ತ್ರ

ಈಗ ನಮ್ಮ ಪದವಿ ಕಾಲೇಜುಗಳಲ್ಲಿ ಸಂವಹನವೆಂಬುದೂ ಪಾಠದ ವಿಷಯವಾಗಿದೆ. ವ್ಯಕ್ತಿ ವ್ಯಕ್ತಿಗಳ ನಡುವಣ ಮಾತುಕತೆಯನ್ನು ಕುರಿತು ಅದರಲ್ಲೊಂದು ಅಧ್ಯಾಯವಿರುತ್ತದೆ. ಹೇಳುವವನು, ಕೇಳುವವನು, ನಡುವೆ ಒಂದು ಬಾಣದ ಗುರುತು, ಬಾಣದ ಮೇಲೆ ‘ಗದ್ದಲ’ ಎಂಬ ಶಬ್ದ: ಈ ಚಿತ್ರವನ್ನು ಬರೆಯದ ವಿದ್ಯಾರ್ಥಿಯೇ ಇಲ್ಲ. ಅದರ ಹುಟ್ಟು ಎಲ್ಲಿಯದು? 1948ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಕ್ಲಾಡ್ ಶಾನನ್ ಎಂಬ ಗಣಿತಜ್ಞ ಸಂಕೇತಗಳನ್ನು ತಂತಿಯ ಮೂಲಕ ಕೆಡದಂತೆ ಸಾಗಿಸುವುದು ಹೇಗೆಂದು ವಿಚಾರಿಸಿ ರಚಿಸಿದ ಸಿದ್ಧಾಂತ ಅದು. ಮಾತಿನ ಅರ್ಥಕ್ಕೂ ತನ್ನ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಶಾನನ್ ತಾನೇ ಮೊದಲಲ್ಲಿ ಹೇಳಿಬಿಟ್ಟಿದ್ದ. ತಂತಿಗೆ ಅದು ಸಾಕು. ಆದರೆ ಗಂಡಹೆಂಡಿರ ನಡುವೆ, ತಾಯಿಮಕ್ಕಳ ನಡುವೆ, ಜೀತದಾಳಿನ ಮೊಮ್ಮಗ ಗೌಡರ ಮೊಮ್ಮಗನೊಡನೆ ಒಂದೇ ಬೆಂಚಿನ ಮೇಲೆ ಕುಳಿತ ತರಗತಿಯಲ್ಲಿ, ಬರಿ ಬಾಣದ ಗುರುತು ಏನನ್ನು ಹೇಳೀತು?

ಶಹಾಪುರ, ಸುರಪುರಗಳ ಸುತ್ತಣ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗರನ್ನು ನೋಡಬೇಕು. ಬಸ್ಸಿನಲ್ಲಿ ಅವರ ಬಾಯಿಗೆ ಬಿಡುವಿಲ್ಲ. ತರಗತಿಯೊಳಗೆ ಕಾಲಿಟ್ಟೊಡನೆ ಮೂಕರಾಗುತ್ತಾರೆ. ಏಕೆಂದು ಒಬ್ಬನನ್ನು ಕೇಳಿದೆ. “ನಮ್ಮ ಮಾತು ಇಲ್ಲಿ ಆಡೂ ಮಾತಲ್ರಿ ಸರ್” ಎಂದ. ಈ ನಾಚಿಕೆ ಆ ಹುಡುಗನದಷ್ಟೇ ಅಲ್ಲ, ಅದಕ್ಕೊಂದು ವಂಶಾವಳಿಯಿದೆ. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ದುಃಖವನ್ನು ಒಂದು ಭಾಷೆಯಲ್ಲಿ ಅನುಭವಿಸಿ ಅರ್ಜಿಯನ್ನು ಇನ್ನೊಂದು ಭಾಷೆಯಲ್ಲಿ ಬರೆಸಿಕೊಳ್ಳಬೇಕಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆ ಕಚೇರಿಗೂ ಕನ್ನಡ ಬಂದಿತು ನಿಜ. ಆದರೆ ಬಂದ ಕನ್ನಡ ಪುಸ್ತಕದ ಕನ್ನಡ. ಈಗ ಅದರ ಮೇಲೆ ಇಂಗ್ಲಿಷು ಕುಳಿತಿದೆ. ಅಜ್ಜನಿಂದ ಮೊಮ್ಮಗನವರೆಗೆ ಉಳಿದುಬಂದದ್ದು ಒಂದೇ: ದೊಡ್ಡವರ ಎದುರು ನಮ್ಮ ಮಾತು ನಡೆಯದು ಎಂಬ ಅಳುಕು.

ಆದುದರಿಂದ ಪಾಠವನ್ನು ಮನೆಯಿಂದಲೇ ಆರಂಭಿಸೋಣವೆಂದುಕೊಂಡೆ. “ಒಂದು ವಾರ ನಿಮ್ಮ ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆದರು, ಏನು ಮಾತಾಡಿದರು, ಆಡಿದ ಹಾಗೆಯೇ ಬರೆದು ತನ್ನಿರಿ” ಎಂದು ಹೇಳಿದೆ.

ಎರಡೂ ದಿಕ್ಕಿಗೆ ನಡೆಯುವ ಶಬ್ದ

ಬಂದ ನೋಟುಬುಕ್ಕುಗಳನ್ನು ಓದಿದಾಗ ನಮ್ಮ ಸೀಮೆಯ ಸೊಗಸೊಂದು ಕಣ್ಣಿಗೆ ಬಿದ್ದಿತು. ಇಲ್ಲಿ ಮಗ ತಂದೆಯನ್ನು ‘ಯಪ್ಪಾ’ ಎಂದು ಕರೆಯುತ್ತಾನೆ. ತಂದೆ ಮುದ್ದು ಬಂದಾಗ ಮಗನನ್ನೂ ‘ಯಪ್ಪಾ’ ಎಂದೇ ಕರೆಯುತ್ತಾನೆ. ಮೊಮ್ಮಗಳು ಅಜ್ಜಿಗೆ ‘ಯವ್ವಾ’. ಅಜ್ಜಿಗೂ ಮೊಮ್ಮಗಳು ‘ಯವ್ವಾ’. ಕರೆದವರ ಹಿರಿತನವನ್ನು ಕರೆಸಿಕೊಂಡವರಿಗೆ ಅರೆಗಳಿಗೆ ಎರವಲು ಕೊಡುವ ಪರಿ ಇದು.

1960ರಲ್ಲಿ ರಾಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬಿಬ್ಬರು ವಿದ್ವಾಂಸರು ಯುರೋಪಿನ ಭಾಷೆಗಳ ‘ನೀನು’, ‘ನೀವು’ಗಳನ್ನು ಕುರಿತು ಬರೆದರು. ಒಬ್ಬನು ‘ನೀನು’ ಎಂದು ಇನ್ನೊಬ್ಬನಿಂದ ‘ನೀವು’ ಎನ್ನಿಸಿಕೊಂಡರೆ ಅಲ್ಲಿ ಅಧಿಕಾರವಿದೆ. ಇಬ್ಬರೂ ಒಂದನ್ನೇ ಬಳಸಿದರೆ ಅಲ್ಲಿ ಸಮಾನತೆಯೋ ಆತ್ಮೀಯತೆಯೋ ಇದೆ ಎಂಬುದು ಅವರ ವಿಚಾರದ ತಿರುಳು. ನಮ್ಮ ಹುಡುಗರ ನೋಟುಬುಕ್ಕುಗಳಲ್ಲಿ ಎರಡೂ ಇದ್ದವು. ತಾಯಿಗೆ ‘ನೀ’, ತಂದೆಗೆ ಕೆಲವು ಮನೆಗಳಲ್ಲಿ ‘ನೀ’, ಕೆಲವು ಮನೆಗಳಲ್ಲಿ ‘ನೀವು’. ಹೆಂಡತಿಯನ್ನು ‘ಏ’ ಎಂದು ಕೂಗುವ ಗಂಡನಿಗೆ ಹೆಂಡತಿಯಿಂದ ಬರುವ ಉತ್ತರ ‘ಬಂದ್ನಿರೀ’. ಅವನ ಹೆಸರನ್ನಂತೂ ಅವಳು ಉಚ್ಚರಿಸುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ನಾಲ್ಕು ಜನ ಗೆಳತಿಯರು ಬಾಗಿಲು ತಡೆದಾಗ ಒಡಪಿನ ಪ್ರಾಸದೊಳಗೆ ಅಡಗಿಸಿ ನುಡಿದರೆ ಉಂಟು. ವರ್ಷವೆಲ್ಲ ನುಂಗಿಟ್ಟ ಹೆಸರು ಒಮ್ಮೆ ಹಾಡಾಗಿ ಹೊರಬೀಳುವುದು ಚೆಲುವೇ. ಆದರೆ ಅದರ ಜೊತೆಗೆ ಮತ್ತೆ ಏನೇನನ್ನು ನುಂಗಿಟ್ಟಿರುವಳೋ ಎಂಬ ವಿಚಾರ ಬಾರದಿರದು.

ಇದೇ ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರೆಂಬುದನ್ನು ಇಲ್ಲಿ ನೆನೆಯಬೇಕು. ನೇಯ್ಗೆಯ ಕಸುಬಿನ ಆ ವಚನಕಾರನ ಜೊತೆಗೆ ಆತನ ಪತ್ನಿ ದುಗ್ಗಳೆಯ ವಚನಗಳೂ ನಮ್ಮ ಕಾಲದವರೆಗೆ ಉಳಿದು ಬಂದಿವೆ. ಒಂದೇ ಮನೆಯ ಎರಡು ದನಿಗಳು ಇಷ್ಟು ಶತಮಾನ ದಾಟಿ ಕೇಳಿಸುವುದು ಅಪರೂಪದ ಭಾಗ್ಯ. ಎಲ್ಲ ಸಂಬಂಧಗಳಿಗೂ ಆ ಭಾಗ್ಯವಿಲ್ಲ. ಅದಕ್ಕೆ ಮುದನೂರಿನಿಂದ ಸುರಪುರಕ್ಕೆ ಬಂದರೆ ಸಾಕು, ಸಾಕ್ಷಿ ಸಿಗುತ್ತದೆ.

ಸುರಪುರದ ‘ಅಪ್ಪ’

ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಕಟ್ಟಡ ಇಂದಿಗೂ ನಿಂತಿದೆ. ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1841ರಲ್ಲಿ ಇಲ್ಲಿಗೆ ಬಂದ. ಮುಂದೆ ಅರಸುತನ ಬಾಲಕನಾದ ವೆಂಕಟಪ್ಪನಾಯಕನಿಗೆ ಬಂದಾಗ ಸಂಸ್ಥಾನದ ಆಡಳಿತವೂ ಬಾಲಕನ ಶಿಕ್ಷಣವೂ ಟೇಲರನ ಮೇಲ್ವಿಚಾರಣೆಗೆ ಬಂದವು. ಆ ಬಾಲಕ ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಕನ್ನಡ ಶಬ್ದವನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ.

ಆ ಕರೆಯಲ್ಲಿ ಪ್ರೀತಿ ಇರಲಿಲ್ಲವೆನ್ನಲಾಗದು. ಟೇಲರನ ಬರಹದಲ್ಲಿ ವಾತ್ಸಲ್ಯ ಎದ್ದು ಕಾಣುತ್ತದೆ. ಆದರೆ ಆ ಅಪ್ಪನ ಬೆನ್ನ ಹಿಂದೆ ಕಂಪನಿ ಸರಕಾರ ನಿಂತಿತ್ತು. ಮಗನು ಅಪ್ಪನಿಗೆ ಹೇಳಬಹುದಾದ ಮಾತನ್ನು ಅರಸನು ಸರಕಾರದ ಅಧಿಕಾರಿಗೆ ಹೇಳಬಹುದೆ? 1853ರಲ್ಲಿ ಯುವ ರಾಜನ ಕೈಗೆ ಅಧಿಕಾರ ಬಂದಿತು; ಟೇಲರ್ ಸುರಪುರವನ್ನು ಬಿಟ್ಟ. 1857ರ ಸಂಗ್ರಾಮದ ಉರಿ ದಕ್ಷಿಣಕ್ಕೆ ಹಬ್ಬಿದಾಗ ಅವನು ದೂರದ ವರ್ಹಾಡದಲ್ಲಿದ್ದ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆ ಸಿಕ್ಕ. ಮುಂದೆ ಅಪ್ಪನೆನ್ನಿಸಿಕೊಂಡವನು ಮಗನನ್ನು ಕಂಡದ್ದು ಸಿಕಂದರಾಬಾದಿನ ಸೆರೆಯಲ್ಲಿ. ಅದೇ ವರ್ಷ, ಮದರಾಸಿನ ಕಡೆಯ ಕೋಟೆಯೊಂದಕ್ಕೆ ಒಯ್ಯುತ್ತಿರುವಾಗ ಆ ತರುಣ ಅರಸ ಗುಂಡಿನಿಂದ ಮೃತನಾದ.

ಟೇಲರ್ 1876ರಲ್ಲಿ ತೀರಿಕೊಂಡ. ಆತ್ಮಕಥೆ ಮರುವರ್ಷ ಹೊರಬಂದಿತು. ಆ ಸಂಬಂಧದ ಕಥೆಯನ್ನು ನಾವು ಇಂದು ಓದುವುದು ‘ಅಪ್ಪ’ನ ಲೇಖನಿಯಿಂದಲೇ. ಕರೆಯುವ ಶಬ್ದ ಎಷ್ಟೇ ಹತ್ತಿರದ್ದಾಗಿರಲಿ, ಅದು ಬಾಗಿಲನ್ನು ತೆರೆಯಬಲ್ಲದೇ ಹೊರತು ಒಳಗಿನ ಮಾತನ್ನು ಹೊರಡಿಸಲಾರದು. ಅದಕ್ಕೆ ಕೇಳುವವರು ಬೇಕು. ಕೇಳಿದರೆ ಕೆಡುಕಾಗದೆಂಬ ನಂಬುಗೆಯೂ ಬೇಕು. ಸಂವಹನವನ್ನು ಓದುವ ವಿದ್ಯಾರ್ಥಿಗೆ ಸುರಪುರದ ಗುಡ್ಡ ಹೇಳುವ ಪಾಠ ಇದೇ ಎಂದು ನನಗೆ ತೋರುತ್ತದೆ.

ಹೇಳದೆ ಉಳಿದದ್ದು

ಇನ್ನು ಆ ವಿದ್ಯಾರ್ಥಿನಿಯ ನೋಟುಬುಕ್ಕು. ನಮ್ಮ ಸೀಮೆಯಲ್ಲಿ ಗುಳೆ ಹೋಗುವುದು ಹೊಸ ಮಾತಲ್ಲ. ಕೃಷ್ಣೆ, ಭೀಮೆಯರು ಹರಿಯುವ ನೆಲವಾದರೂ ಕಾಲುವೆಯ ನೀರು ಮುಟ್ಟದ ಹೊಲಗಳವರು ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಈ ಹುಡುಗಿಯ ತಂದೆಯೂ ಬೆಂಗಳೂರಿನಲ್ಲಿದ್ದ. ಪ್ರತಿ ರಾತ್ರಿ ಅವನ ಫೋನು ಬರುತ್ತಿತ್ತು. ಏಳೂ ದಿನದ ಪುಟಗಳಲ್ಲಿ ಇದ್ದದ್ದು ಒಂದೇ ಸಂಭಾಷಣೆ:

“ಉಂಡಿಯೇನವ್ವಾ?”
“ಉಂಡೀನಿ ಯಪ್ಪಾ. ನೀ ಉಂಡಿಯೇನು?”
“ಹೂಂ, ಉಂಡೀನಿ.”

ಕೊನೆಯ ಪುಟದ ಅಡಿಯಲ್ಲಿ ಅವಳು, “ಬೇರೆ ಮಾತೇನೂ ನಡೆಯಲಿಲ್ಲ” ಎಂದು ಷರಾ ಬರೆದಿದ್ದಳು. ಮಾಲಿನೋವ್‌ಸ್ಕಿಯ ವಿಚಾರವನ್ನು ಹೇಳಿ, “ಇದೇ ದೊಡ್ಡ ಮಾತು, ತಾಯಿ” ಎಂದು ನಾನು ಸಮಾಧಾನ ಹೇಳಿದೆ. ಹಾಗೆ ಹೇಳಿ ನನ್ನ ವಿದ್ವತ್ತಿಗೆ ನಾನೇ ಮೆಚ್ಚಿಕೊಂಡೆ. ಅವಳು ಮಾತ್ರ ಮೆಚ್ಚಿದಂತೆ ಕಾಣಲಿಲ್ಲ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಕಥೆ, ಹಾಡುಗಳು ಅವಳು ನಿದ್ರಿಸುವಾಗ ಬಾಯಿಂದ ಹೊರಬಿದ್ದು, ಒಂದು ಜೋಡುಗಳಾಗಿ ಬಾಗಿಲಲ್ಲಿ ಕುಳಿತಿತು, ಇನ್ನೊಂದು ಅಂಗಿಯಾಗಿ ಗೂಟಕ್ಕೆ ತೂಗಿತು. ಯಾರವು ಇವು ಎಂದು ಗಂಡ ಕೇಳಿದ. ಅವಳಿಗೆ ಗೊತ್ತಿಲ್ಲ. ಸಂಶಯ ಹುಟ್ಟಿತು, ಜಗಳವಾಯಿತು, ಗಂಡ ಮುನಿದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳ ಕುಡಿಗಳೆಲ್ಲ ರಾತ್ರಿ ಅಲ್ಲಿ ಕೂಡಿ ಆಡಿದ ಮಾತು ಕಿವಿಗೆ ಬಿದ್ದಾಗಲೇ ಅವನಿಗೆ ನಿಜ ತಿಳಿದದ್ದು. ಹೇಳದೆ ಇಟ್ಟದ್ದು ಹೇಳದೆ ಇಟ್ಟಲ್ಲಿಯೇ ಸುಮ್ಮನಿರುವುದಿಲ್ಲ. ಬೇರೆ ರೂಪ ತಾಳಿ ಮನೆಯ ಬಾಗಿಲಲ್ಲಿ ಕೂಡುತ್ತದೆ. ಈ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಹುಡುಗರು ನಕ್ಕರು. ಆ ಹುಡುಗಿ ನಗಲಿಲ್ಲ.

ಮುಂದಿನ ವಾರ ಅವಳು ಕೇಳದೆಯೇ ನೋಟುಬುಕ್ಕನ್ನು ತಂದು ಮೇಜಿನ ಮೇಲಿಟ್ಟು ಹೋದಳು. ಮೊದಲ ಮೂರು ಸಾಲು ಅವೇ. ಆಮೇಲೆ:

“ಏನು ಉಂಡೀ?”
(ಬಹಳ ಹೊತ್ತು ಮಾತಿಲ್ಲ.)
“ಚಹಾ, ಬನ್ನು.”
“ಯಾಕ?”
“ಕಾಲು ಉಳುಕ್ಯಾದ. ನಾಕು ದಿನ ಆತು, ಕೆಲಸಕ್ಕ ಹೋಗಿಲ್ಲ. ನಿಮ್ಮವ್ವಗ ಹೇಳಬ್ಯಾಡ.”
“ಮದಲ ಯಾಕ ಹೇಳಲಿಲ್ಲ?”
“ನಿನಗ ಪರೀಕ್ಷಾ ಅದ ಅಂತ.”
“ಪರೀಕ್ಷಾ ಫೀ ತುಂಬಿಲ್ಲ ಯಪ್ಪಾ. ಕೇಳಲಿಕ್ಕ ಮನಸಾಗಲಿಲ್ಲ.”
“ನೀ ಮದಲ ಯಾಕ ಹೇಳಲಿಲ್ಲ?”

ಅಂದು ಅವರು ಅರ್ಧ ತಾಸು ಮಾತಾಡಿದರೆಂದು ಬರೆದಿದ್ದಳು. ಏನು ಮಾತಾಡಿದರೆಂಬುದನ್ನು ಬರೆದಿರಲಿಲ್ಲ. ಅದು ಅವರಿಬ್ಬರದು. ಫೀಯ ವಿಚಾರ ಹೇಗೋ ಬಗೆಹರಿಯಿತು. ಆ ಪುಟಕ್ಕೆ ಅಂಕ ಹಾಕಲು ನನಗೆ ಕೈ ಬರಲಿಲ್ಲ.

ಅಷ್ಟು ದಿನ ಪ್ರತಿ ರಾತ್ರಿಯೂ ‘ಉಂಡೀನಿ’ ಎಂಬ ಒಂದು ಶಬ್ದದ ಹಿಂದೆ ತಂದೆ ಮಗಳಿಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದರು. ಕಾಪಾಡುತ್ತಲೇ ಒಬ್ಬರಿಂದೊಬ್ಬರು ಮರೆಯಾಗುತ್ತಿದ್ದರು. ಮಾಲಿನೋವ್‌ಸ್ಕಿ ಹೇಳಿದ್ದು ಸುಳ್ಳಲ್ಲ. ಆ ಮಾತು ಸಂಬಂಧವನ್ನು ಹಿಡಿದಿತ್ತು, ದಾರದ ಹಾಗೆ. ಆದರೆ ದಾರ ಹಿಡಿದು ನಿಂತರೆ ಸಾಲದು. ಒಮ್ಮೊಮ್ಮೆ ಎಳೆದೂ ನೋಡಬೇಕು. ನಾನು ಪುಸ್ತಕ ನೋಡಿ ಹೇಳಿದ್ದಕ್ಕಿಂತ ಮುಂದಿನ ಪಾಠವನ್ನು ಅವಳು ಎರಡು ಶಬ್ದಗಳಲ್ಲಿ ಕಲಿತಳು, ನನಗೂ ಕಲಿಸಿದಳು. ಆ ಪಾಠ ಅವಳಿಗೆ ಬಂದದ್ದು ಅವಳು ನಾಚುತ್ತಿದ್ದ ಆ ಹಳ್ಳಿಯ ಮಾತಿನಲ್ಲಿಯೇ ಎಂಬುದನ್ನೂ ಮರೆಯಬಾರದು.

ಮೊನ್ನೆ ಆ ಗೆಳೆಯರು ಸ್ಟೇಷನ್ ರಸ್ತೆಯಲ್ಲಿ ಸಿಕ್ಕಿದ್ದರು. ಈ ಸೀಮೆಗೆ ಬಂದು ಕೆಲವು ವರ್ಷಗಳಾದವು. ಈಗ ಅವರ ಬಾಯಲ್ಲೂ ಅದೇ ಪ್ರಶ್ನೆ. “ಊಟ ಆತೇನ್ರಿ?” ಎಂದರು. “ಆತ್ರಿ” ಎಂದು ರೂಢಿಯಂತೆ ಹೇಳಿ ನಾನು ಹೊರಡಲಿದ್ದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, “ಏನು ಊಟ?” ಎಂದು ಕೇಳಿದರು. ಆ ದಿನ ನಾನು ಊಟ ಮಾಡಿರಲಿಲ್ಲ.