ಶಾಖರೋಧಕ ಬಾಟಲಿಗಳ ಗುಣಪರೀಕ್ಷೆ

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಗೆಯ ಕುಡಿನೀರಿಗೆ ಮಣ್ಣಿನ ಗಡಿಗೆಯೇ ಬಹುಕಾಲದ ಆಸರೆ. ಸಂತೆಯಲ್ಲಿ ಅದನ್ನು ಕೊಳ್ಳುವವರು ಬೆರಳಿನ ಗೆಣ್ಣಿನಿಂದ ಬಡಿದು ನೋಡುವರು. ತುಂಬುನಾದ ಬಂದರೆ ಗಟ್ಟಿ, ಒಡಕುದನಿ ಬಂದರೆ ಬಿರುಕು. ಈಗ ವಿದ್ಯಾರ್ಥಿಗಳ ಚೀಲಗಳಲ್ಲಿ ಉಕ್ಕಿನ ಶಾಖರೋಧಕ ಬಾಟಲಿಗಳನ್ನು ಕಾಣುತ್ತೇವೆ. ಶಾಸನ, ವೀರಗಲ್ಲುಗಳನ್ನು ಅರಸಿ ಬಿಸಿಲಿನಲ್ಲಿ ಅಲೆಯುವ ತಂಡಗಳಿಗಾಗಿ ಕಾಲೇಜೊಂದು ಇಂತಹ ಬಾಟಲಿಗಳನ್ನು ತಯಾರಕರಿಂದಲೇ ನೂರಾರು ಸಂಖ್ಯೆಯಲ್ಲಿ ತರಿಸಬೇಕಾದಾಗ ಗೆಣ್ಣಿನ ಬಡಿತವು ಉಪಯೋಗಕ್ಕೆ ಬಾರದು. ಈ ವಸ್ತುವಿನ ಮುಖ್ಯ ಗುಣವು ಕಣ್ಣಿಗೆ ಕಾಣದ ನಿರ್ವಾತದಲ್ಲಿದೆ.

ಗಡಿಗೆಯ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಆದುದರಿಂದ ಬೆವರುವ ಗಡಿಗೆಯೇ ಒಳ್ಳೆಯ ಗಡಿಗೆ. ಬಾಟಲಿಯಾದರೋ ನೀರನ್ನು ತಂಪು ಮಾಡುವುದಿಲ್ಲ. ತುಂಬಿದ ತಂಪನ್ನೋ ಬಿಸಿಯನ್ನೋ ಕಾಪಾಡುತ್ತದೆ, ಅಷ್ಟೆ. ಮಂಜಿನ ನೀರು ತುಂಬಿದಾಗ ಅದರ ಹೊರಮೈ ಬೆವರಿದರೆ ಅದು ದೋಷದ ಕುರುಹು. ಆದರೆ ಬೆವರದ ಮಾತ್ರಕ್ಕೆ ನಿರ್ದೋಷವೆನ್ನಲಾಗದು. ನಮ್ಮ ಸೀಮೆಯ ಒಣಹವೆಯಲ್ಲಿ ಕೆಟ್ಟ ಬಾಟಲಿಯೂ ಬೆವರದಿರಬಹುದು.

1892ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿಯು ದ್ರವೀಕೃತ ಅನಿಲಗಳನ್ನು ಕಾದಿಡಲು ಎರಡು ಗೋಡೆಗಳ ಗಾಜಿನ ಪಾತ್ರೆಯನ್ನು ರೂಪಿಸಿ, ನಡುವಣ ಗಾಳಿಯನ್ನು ಹೊರತೆಗೆದನು. ಅವನು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1904ರಲ್ಲಿ ಜರ್ಮನಿಯಲ್ಲಿ ಥರ್ಮಾಸ್ ಎಂಬ ಹೆಸರಿನಿಂದ ಅದು ಅಂಗಡಿಯ ಸರಕಾಯಿತು. 1913ರಲ್ಲಿ ಅಮೆರಿಕದ ವಿಲಿಯಂ ಸ್ಟ್ಯಾನ್ಲಿಯು ಗಾಜಿಗೆ ಬದಲಾಗಿ ಉಕ್ಕನ್ನು ಬಳಸಿದನು. ತತ್ತ್ವವು ಇಂದಿಗೂ ಅದೇ: ನಿರ್ವಾತವು ಶಾಖದ ವಹನ ಸಂವಹನಗಳನ್ನು ತಡೆಯುತ್ತದೆ, ಹೊಳಪುಳ್ಳ ಮೈ ವಿಕಿರಣವನ್ನು ತಗ್ಗಿಸುತ್ತದೆ. ಶಾಖಕ್ಕೆ ಉಳಿಯುವ ಮುಖ್ಯ ದಾರಿ ಕತ್ತು ಮತ್ತು ಮುಚ್ಚಳ.

ಹೀಗಾಗಿ ಪರೀಕ್ಷೆಗೆ ಬಿಸಿನೀರೇ ಮೇಲು. ಬಾಟಲಿಗೆ ಕುದಿನೀರು ತುಂಬಿ, ಮುಚ್ಚಳವನ್ನು ಬಿಗಿದು, ಕೆಲವು ನಿಮಿಷಗಳ ಅನಂತರ ಹೊರಮೈಯನ್ನು ಕೈಯಿಂದ ಸವರಬೇಕು. ಕತ್ತಿನ ಬಳಿ ತುಸು ಬೆಚ್ಚಗಿರುವುದು ಸಹಜ. ನಡುವೊ ತಳವೊ ಬಿಸಿಯಾದರೆ ನಿರ್ವಾತವು ಕೆಟ್ಟಿದೆ. ಉಳಿದವನ್ನು ಒಂದೇ ಕೋಣೆಯಲ್ಲಿ 6 ಗಂಟೆಗಳ ಕಾಲ ಇಟ್ಟು ಉಷ್ಣಮಾಪಕದಿಂದ ಅಳೆದು ಬರೆದಿಡಬೇಕು. ಹೋಲಿಕೆಯು ಸಮಾನ ಅಳತೆಯ ಬಾಟಲಿಗಳ ನಡುವೆ ಮಾತ್ರ ಸಲ್ಲುತ್ತದೆ, ಏಕೆಂದರೆ ದೊಡ್ಡದು ಸಹಜವಾಗಿಯೇ ಹೆಚ್ಚು ಹೊತ್ತು ಬಿಸಿ ಹಿಡಿಯುತ್ತದೆ. ಬಳಿಕ ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿಟ್ಟು ಸೋರಿಕೆಯನ್ನು ನೋಡಬೇಕು. ಕೆಲವನ್ನು ನೆಲಕ್ಕೆ ಬೀಳಿಸಿ ಮತ್ತೆ ಬಿಸಿನೀರಿನ ಪರೀಕ್ಷೆಗೆ ಒಡ್ಡುವುದೂ ಅವಶ್ಯ. ಚೀಲದಿಂದ ಜಾರಿ ಬೀಳದ ಬಾಟಲಿಯುಂಟೆ?

ಉಕ್ಕಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಬಳಕೆಯಲ್ಲಿದೆ. ಅಯಸ್ಕಾಂತ ಅಂಟದಿದ್ದರೆ ಉಕ್ಕು ಉತ್ತಮವೆನ್ನುವರು. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304ನೆಯ ದರ್ಜೆಯೂ, ನಿಕ್ಕಲನ್ನು ಕುಗ್ಗಿಸಿ ಮ್ಯಾಂಗನೀಸನ್ನು ಹೆಚ್ಚಿಸಿದ ಅಗ್ಗದ 201ನೆಯ ದರ್ಜೆಯೂ ಅಯಸ್ಕಾಂತಕ್ಕೆ ಹೆಚ್ಚುಕಡಮೆ ಒಂದೇ. ಇವೆರಡನ್ನು ಬೇರ್ಪಡಿಸಲು ರಾಸಾಯನಿಕ ವಿಶ್ಲೇಷಣೆಯೇ ಬೇಕು. ನಿರ್ವಾತವನ್ನು ಮುಚ್ಚುವ ತಳದ ಬೆಸುಗೆಯಲ್ಲಿ ಕೆಲವರು ಸೀಸವನ್ನು ಬಳಸುವುದುಂಟು. ಆದುದರಿಂದ ತಳದ ಬಿಲ್ಲೆಯು ಭದ್ರವಾಗಿದೆಯೇ ಎಂಬುದನ್ನೂ, ಬೆಸುಗೆಯ ದ್ರವ್ಯ ಯಾವುದೆಂಬುದನ್ನೂ ಲಿಖಿತವಾಗಿ ಕೇಳತಕ್ಕದ್ದು.

ಇಷ್ಟೆಲ್ಲ ಪರೀಕ್ಷೆಯನ್ನು ಯಾವ ಬಾಟಲಿಯ ಮೇಲೆ ನಡೆಸುವುದು? ತಯಾರಕನು ಮುಂಗಡವಾಗಿ ಕಳುಹಿಸುವ ಮಾದರಿಯು ಆಸ್ಥಾನಕವಿಯು ಬರೆದ ಪ್ರಶಸ್ತಿಯಿದ್ದಂತೆ: ಸುಳ್ಳೆನ್ನಲಾಗದು, ಆದರೆ ಅದೊಂದರಿಂದಲೇ ರಾಜ್ಯದ ಸ್ಥಿತಿಯನ್ನು ಅಳೆಯುವ ಇತಿಹಾಸಕಾರನಿಲ್ಲ. ಮಾದರಿಯನ್ನು ಮೊಹರು ಮಾಡಿ ಇಟ್ಟುಕೊಂಡು, ಸರಕು ಸಿದ್ಧವಾದ ಮೇಲೆ ಮೇಲಿನ, ನಡುವಿನ, ತಳದ ಪೆಟ್ಟಿಗೆಗಳಿಂದ ನಾವೇ ಆರಿಸಿದ ಬಾಟಲಿಗಳನ್ನು ಅದರೊಡನೆ ಹೋಲಿಸಬೇಕು. ಆಯ್ಕೆಯನ್ನು ಮಾರುವವನಿಗೆ ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ.

ಮನೆಬಳಕೆಯ ಶಾಖರೋಧಕ ಫ್ಲಾಸ್ಕು, ಬಾಟಲಿಗಳಿಗೆ ಭಾರತೀಯ ಮಾನಕದ ಗುರುತನ್ನು ಕಡ್ಡಾಯಗೊಳಿಸುವ ಗುಣನಿಯಂತ್ರಣ ಆದೇಶವನ್ನು ಕೇಂದ್ರ ಸರ್ಕಾರವು 2023ರಲ್ಲಿ ಹೊರಡಿಸಿತು. ಉಕ್ಕಿನ ನಿರ್ವಾತ ಬಾಟಲಿಗಳ ಮಾನಕ ಐ.ಎಸ್. 17526. ಗುರುತಿನೊಡನೆ ಅಚ್ಚಾಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದಲ್ಲಿ ತಾಳೆನೋಡಬಹುದು. ಗುರುತಿದ್ದರೂ ಬಿಸಿನೀರಿನ ಪರೀಕ್ಷೆಯನ್ನು ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ದಾರಿಯಲ್ಲಿ ಪೆಟ್ಟು ತಿಂದ ಸರಕಿನ ಹೊಣೆಯನ್ನು ಗುರುತು ಹೊರದು. ಎಷ್ಟು ಬಾಟಲಿಗಳು ಸೋತರೆ ಇಡೀ ಸರಕನ್ನು ಹಿಂದಿರುಗಿಸಲಾಗುವುದೆಂಬುದನ್ನು ಖರೀದಿಪತ್ರದಲ್ಲಿಯೇ ಬರೆದು, ಪರೀಕ್ಷೆ ಮುಗಿಯುವವರೆಗೆ ಹಣದ ಒಂದು ಪಾಲನ್ನು ತಡೆಹಿಡಿಯುವುದು ಲೇಸು.